ಕೊನೆಯಿಲ್ಲದ ಪಂಕ್ತಿ

ಅಜ್ಜಂಪುರದ ತೀರ್ಥಪ್ಪ ಕಡೂರು ಮಂಡಿಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದ. ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಒಂದು ಕಾಯನ್ನೂ ಕೊಂಡವನಲ್ಲ. ಮನುಷ್ಯರನ್ನು ಮಾತ್ರ ಒಮ್ಮೆ ಹಾಗೇ ನಂಬಿ ಕೆಟ್ಟಿದ್ದ. ‘ನಮ್ಮನೇಲಿ ಜಾಗಕ್ಕೇನು ಬರ’ ಎಂದು ಎದೆ ತಟ್ಟಿಕೊಂಡ ಬೀಗರು, ಅವನ ಹಿರಿಮಗಳು ಕಾಶಮ್ಮನನ್ನು ಎರಡನೇ ದೀಪಾವಳಿಗೇ ಟ್ರಂಕಿನ ಸಮೇತ ತವರಿಗೆ ಅಟ್ಟಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ಅಂದಿನಿಂದ ಅವನ ಮಂತ್ರವಾಗಿತ್ತು.

ಎಪ್ಪತ್ತೆಂಟನೇ ಇಸವಿಯಲ್ಲಿ ಕಿರಿಮಗಳು ಮಲ್ಲಿಕಾಂಬಳಿಗೆ ತರೀಕೆರೆಯ ಗಣಿತದ ಮೇಷ್ಟ್ರು ಓಂಕಾರಮೂರ್ತಿ ಗೊತ್ತಾಗುವುದರಲ್ಲಿದ್ದ. ಹುಡುಗಿಗೂ ಮನಸ್ಸಿತ್ತು. ಅಷ್ಟರಲ್ಲಿ ಮಂಡಿಯ ಗೆಳೆಯ ಮುನೀರ್ ಪಾಷಾ ಸುದ್ದಿ ತಂದ: “ನಮ್ ಹುಡುಗನ ಮೇಷ್ಟ್ರು ಕಣಪ್ಪ. ಎರಡು, ನಾಲ್ಕು, ಆರು ಅನ್ನೋ ಸರಿಸಂಖ್ಯೆ ಎಷ್ಟಿವೆಯೋ, ಸರಿ-ಬೆಸ ಎಲ್ಲಾ ಸೇರಿದ್ರೂ ಅಷ್ಟೇ ಅಂತಾನಂತೆ.”

ಅರ್ಧವೂ ಇಡಿಯೂ ಒಂದೇ ಅನ್ನುವವನಿಗೆ ಹೆಣ್ಣು ಕೊಡುವುದೇ? ಒಂದೋ ತಲೆ ಕೆಟ್ಟಿದೆ, ಇಲ್ಲವೇ ನಾಲಿಗೆ ಕೆಟ್ಟಿದೆ. ತೀರ್ಥಪ್ಪ ಗಂಡನ್ನು ಮನೆಗೇ ಕರೆಸಿದ.

ಉಪ್ಪಿಟ್ಟು, ಕಾಫಿ ಆಯಿತು. ಊಟದ ಮಾತಿಲ್ಲ, ಸಂಬಂಧ ಒಪ್ಪಿಗೆಯಾಗುವ ತನಕ ಗಂಡಿಗೆ ಎಲೆ ಹಾಕುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

“ಅದೇನು ಮೇಷ್ಟ್ರೇ, ಅರ್ಧನೂ ಪೂರ್ತಿನೂ ಒಂದೇ ಅಂತೀರಂತೆ?”

“ಮುಗಿಯೋ ಲೆಕ್ಕದಲ್ಲಲ್ಲ ಯಜಮಾನ್ರೇ, ಮುಗಿಯದೇ ಇರೋದ್ರಲ್ಲಿ. ಮಠದ ದಾಸೋಹದಲ್ಲಿ ಎಲೆಗೊಬ್ಬರು ಕೂತಿದ್ರೆ, ಎಣಿಸದೇನೇ ಎಲೆ, ಜನ ಎರಡೂ ಸಮ ಅಂತೀವಿ. ಹಂಗೇ ಪ್ರತಿ ಸಂಖ್ಯೆಗೂ ಒಂದೊಂದು ಸರಿಸಂಖ್ಯೆ, ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು, ಮೂರಕ್ಕೆ ಆರು ಅಂತ ಜೋಡಿಸ್ತಾ ಹೋದ್ರೆ ಯಾವುದೂ ಒಂಟಿ ಉಳಿಯಲ್ಲ. ಪಂಕ್ತಿಗೆ ಕೊನೇನೇ ಇಲ್ಲದಿದ್ರೆ, ತುಂಬಿದ ಮೇಲೂ ಇನ್ನೊಬ್ಬರಿಗೆ ಜಾಗ ಆಗುತ್ತೆ. ಎಲ್ಲರೂ ಪಕ್ಕದೆಲೆಗೆ ಸರಿದ್ರೆ ಮೊದಲನೇ ಎಲೆ ಖಾಲಿ.”

“ಒಬ್ಬರ ಎಂಜಲೆಲೆಗೆ ಇನ್ನೊಬ್ಬರಾ?”

ಒಳಗೆ ಮಲ್ಲಿಕಾಂಬ ಕಿಸಕ್ಕೆಂದಳು. ಓಂಕಾರಮೂರ್ತಿ ಪೆಚ್ಚಾದ. “ಬಡಿಸೋಕೆ ಮುಂಚೆ ಅಂದ್ಕೊಳ್ಳಿ.”

ತೀರ್ಥಪ್ಪನ ಮನಸ್ಸು ಕಹಿಯಾಯಿತು. ಯಾರು ಬಂದರೂ ಜಾಗವಂತೆ! ಈ ರಾಗ ಅವನು ಹಿಂದೆಯೂ ಕೇಳಿದ್ದ. “ಅಂದ್ರೆ ನಿಮ್ಮ ಪಂಕ್ತೀಲಿ ಜಾಗ ಇಲ್ಲ ಅನ್ನೋ ಮಾತೇ ಇಲ್ಲ.”

“ಇದೆ. ಸೊನ್ನೆಗೂ ಒಂದಕ್ಕೂ ನಡುವಿನ ಸಂಖ್ಯೆಗಳೆಲ್ಲ ಬಂದ್ರೆ ಆಗಲ್ಲ. ಕಾಲು, ಅರ್ಧದಂಥ ಭಿನ್ನರಾಶಿಗಳು ಹೆಂಗೋ ಕೂತ್ಕೋತವೆ. ಭಿನ್ನರಾಶಿಯಾಗಿ ಬರೆಯೋಕೇ ಆಗದ ಸಂಖ್ಯೆಗಳೂ ಅಲ್ಲಿವೆ. ಅವೂ ಸೇರಿದ್ರೆ, ಹೆಂಗೆ ಕೂರಿಸಿದ್ರೂ ಕೆಲವು ನಿಂತೇ ಇರ್ತವೆ. ಅದು ಇನ್ನೂ ದೊಡ್ಡ ಅನಂತ. ಅಲ್ಲಿ ಜಾಗ ಇದೆ ಅಂದ್ರೆ ಸುಳ್ಳು.”

ಜಾಗವಿಲ್ಲ ಎಂದು ತಾನಾಗಿಯೇ ಹೇಳುವ ಗಂಡನ್ನು ತೀರ್ಥಪ್ಪ ಕಂಡಿರಲಿಲ್ಲ. ಆದರೂ ಕೊನೆಗೊಮ್ಮೆ ಅಲ್ಲಾಡಿಸಿ ನೋಡಿದ.

“ನಿಮ್ಮ ಮನೇಲಿ?”

“ಎರಡೇ ಕೋಣೆ. ಒಂದರಲ್ಲಿ ಅಮ್ಮ ಇರ್ತಾರೆ. ಇಕ್ಕಟ್ಟೇ. ಬರೋರಿಗೆ ಮೊದಲೇ ಗೊತ್ತಿರ್ಲಿ.”

ಬಾಗಿಲಲ್ಲಿ ನಿಂತಿದ್ದ ಕಾಶಮ್ಮ ಮೆಲ್ಲಗೆ ಹೇಳಿದಳು: “ಆವತ್ತು ಅವರು ಇಷ್ಟು ಹೇಳಿದ್ದಿದ್ರೆ ಸಾಕಿತ್ತಪ್ಪ.”

ತೀರ್ಥಪ್ಪ ಅವಳ ಕಡೆ ತಿರುಗಿದ. “ಎಲೆ ಹಾಕವ್ವ,” ಎಂದ.

ಕಾಶಮ್ಮ ಎರಡು ಎಲೆ ಹಾಕಿದಳು. ತನ್ನ ಮಾಮೂಲಿ ಜಾಗದಲ್ಲಿ ಕೂತ ತೀರ್ಥಪ್ಪ ಮತ್ತೆ ಎದ್ದು, ಪಕ್ಕದ ಎಲೆಗೆ ಸರಿದ.

“ಬನ್ನಿ, ಎಂಜಲಾಗಿಲ್ಲ. ಕೂತ್ಕೊಳ್ಳಿ.”