ಮುಂಚೆಯೋ, ಆಮೇಲೋ

ಕುಡುಗೋಲಿನ ಸದ್ದು ನಿಂತಿತು, ಇಲ್ಲ, ಅಣ್ಣ ಬೆವರು ಒರೆಸಿಕೊಂಡ ಅಷ್ಟೇ, ಮತ್ತೆ ಬಗ್ಗಿದ — ಧಣಿಯ ಬಾರ್ಲಿ ಇನ್ನೂ ಹಳ್ಳದವರೆಗೂ ನಿಂತಿದೆ, ನಮ್ಮದು ಮನೆ ಹಿಂದೆ ಬಲಿತು ಉದುರುತ್ತಿದೆ, ಆದರೂ ಮೊದಲು ಧಣಿಯದೇ ಕೊಯ್ಯಬೇಕು, ಜೀತದವರಲ್ಲವೇ, ಅಣ್ಣನದು ಬರಿಗಾಲು, ಕೂಳೆ ಚುಚ್ಚಿ ರಕ್ತ ಬಂದಿದೆ, ನನ್ನ ಕಾಲಲ್ಲಿ ಅವನೇ ಹೊಲಿದ ಜೋಡು, ಎಲ್ಲೂ ಒತ್ತುತ್ತಿಲ್ಲ. ನಾರಿಚ್ ಪಟ್ಟಣಕ್ಕೆ ಓಡಿಹೋಗಿ ಜೋಡು ಹೊಲಿಯುತ್ತಿದ್ದವನು ಅಮ್ಮನಿಗೆ ಜ್ವರ ಅಂತ ಕೇಳಿ ಬಂದ, ಬಂದವನನ್ನು ಧಣಿಯ ಕಾರುಭಾರಿ ಹಿಡಿದ, ಅದಕ್ಕೂ ಮುಂಚೆ, ಚೀಲ ಇಳಿಸುವ ಮುಂಚೆಯೇ ಜೋಡು ನನ್ನ ಕೈಗಿಟ್ಟ — ತಗೋಳೋ ಕೆಟೆಲ್, ಅಳತೆ ಇಲ್ದೆ ಹೊಲಿದೀನಿ, ನಿನ್ ಬಾತುಕೋಳಿ ಕಾಲು ನಂಗೊತ್ತಿಲ್ವಾ.

ಅಮ್ಮನೇ ಹೇಳಿಕೊಟ್ಟಿದ್ದಳು, ಗಂಜಿ ಕಲಕುತ್ತಾ, ನಿಮ್ಮಣ್ಣ ಹ್ಯಾಮೊ ಹುಟ್ಟಿ ಆರು ತಿಂಗಳಾದ್ಮೇಲೆ ಕಣೋ ನಿಮ್ಮಪ್ಪ ನನ್ನ ಚರ್ಚ್ ಬಾಗಿಲಿಗೆ ಕರ್ಕೊಂಡ್ ಹೋಗಿದ್ದು, ಅದನ್ನೇ ಹೇಳು, ಮದುವೆಗೆ ಮುಂಚೆ ಹುಟ್ಟಿದೋನಿಗೆ ಅಪ್ಪ ಇಲ್ಲ, ಅಪ್ಪ ಇಲ್ದೋನಿಗೆ ಅಪ್ಪನ ಜೀತಾನೂ ಇಲ್ಲ, ಕಾನೂನೇ ಹಂಗಿದೆ, ಹೆಂಗಸಿನ ಮಾತು ನ್ಯಾಯಸಭೇಲಿ ನಡೆಯಲ್ಲ, ನಿಮ್ಮಪ್ಪನೂ ಬದುಕಿಲ್ಲ, ನೀನೇ ಹೇಳ್ಬೇಕು. ನಿನ್ ಮಾನ ಅಮ್ಮ, ಅಂದೆ. ಮಾನ ಏನ್ ಬಂದು ಬಾರ್ಲಿ ಕೊಯ್ಯುತ್ತಾ, ಅಂದಳು. ಅಣ್ಣ ನಕ್ಕ, ನಾಳೆಯಿಂದ ನಾನು ಅಪ್ಪ ಇಲ್ದ ದೊಡ್ಡ ಮನುಷ್ಯ, ನನ್ ಕಂಡ್ರೆ ಎದ್ದು ನಿಂತ್ಕೋಬೇಕು ಕಣೋ.

ಮರುದಿನ ನ್ಯಾಯಸಭೆಯಲ್ಲಿ ಕಾರುಭಾರಿ ಕೇಳಿದ, ನೀನು ಜೀತದವನು ತಾನೇ, ಹೌದು ಸ್ವಾಮಿ, ಇವನೂ ನಿಮ್ಮಪ್ಪನ ಮಗ ತಾನೇ, ಹೌದು ಸ್ವಾಮಿ, ಹುಟ್ಟಿದ್ದು ಮದುವೆಗೆ ಮುಂಚೆಯೋ, ಆಮೇಲೋ — ಅಮ್ಮ ಬಾಗಿಲ ಹತ್ತಿರ ತಲೆ ಆಡಿಸುತ್ತಿದ್ದಳು, ಹೇಳು, ಹೇಳು, ಆಗ ನನಗೆ ಕಂಡದ್ದು ಅಮ್ಮನ ಮಾನವಲ್ಲ, ಊರವರು ಹಾಗಂದುಕೊಂಡಿದ್ದಾರೆ, ತಾಯಿ ಮರ್ಯಾದೆ ಉಳಿಸಿದ ಮಗ ಅನ್ನುತ್ತಾರೆ, ನನಗೆ ಕಂಡದ್ದು ಈ ಹೊಲ, ಹಳ್ಳದವರೆಗೂ, ನಾನೊಬ್ಬನೇ, ಅವನು ಪಟ್ಟಣದಲ್ಲಿ ಸೀಟಿ ಹೊಡೆಯುತ್ತಾ — ಆಮೇಲೆ, ಅಂದುಬಿಟ್ಟೆ, ಆಮೇಲೆ ಸ್ವಾಮಿ. ಜೀತದವನ ಮೈಮೇಲಿದ್ದದ್ದೂ ಧಣಿಯದೇ ಅಂತ ಕಾರುಭಾರಿ ಅಣ್ಣನ ಜೋಡು ಬಿಚ್ಚಿಸಿಕೊಂಡ, ನನ್ನ ಕಾಲನ್ನು ಯಾರೂ ನೋಡಲಿಲ್ಲ, ಅಣ್ಣ ಬೈಯಲಿಲ್ಲ, ಬೈದಿದ್ದರೆ, ಒಂದು ಸಲ ಬೈದಿದ್ದರೆ — ಏನೋ ಕುಂಟ್ತಾ ಇದೀಯ, ಕೇಳುತ್ತಿದ್ದಾನೆ, ಈಗ, ಕುಡುಗೋಲು ನಿಲ್ಲಿಸಿ, ಎಲ್ಲಿ ಒತ್ತುತ್ತೆ ಹೇಳು, ಸಂಜೆ ಸಡಿಲ ಮಾಡ್ಕೊಡ್ತೀನಿ — ಎಲ್ಲೂ ಇಲ್ಲ ಅಣ್ಣ, ಹೆಬ್ಬೆರಳಲ್ಲಿ ಇಲ್ಲ, ಹಿಮ್ಮಡಿಯಲ್ಲಿ ಇಲ್ಲ, ಎಲ್ಲೂ ಒತ್ತುತ್ತಿಲ್ಲ, ಎಲ್ಲೂ