ಪೊಳ್ಳು ಷಾಫ್ಟು

ಕಡಿದ ಕಬ್ಬು ನನ್ನ ಆಲೆಮನೆ ಮುಂದೆ ರಾಶಿ ಬಿದ್ದಿತ್ತು. ಇವತ್ತು ಅರೆಯದಿದ್ದರೆ ಹುಳಿಯುತ್ತದೆ, ವರ್ಷದ ಬೆಲ್ಲ ಹೋದ ಹಾಗೆಯೇ. ಅಂಥ ಹೊತ್ತಿನಲ್ಲಿ ನನ್ನ ತಮ್ಮ ಕೊಂಡಪ್ಪ ಬೆಂಗಳೂರಿನಿಂದ ಒಂದು ಕಬ್ಬಿಣದ ಕೊಳವೆ ಹೊತ್ತು ತಂದ. ಯುದ್ಧ ಮುಗಿದ ಮೇಲೆ ಗುಜರಿಗೆ ಹಾಕಿದ ಮಿಲಿಟರಿ ಲಾರಿಯದು. ಇಂಜಿನ್ನಿಗೂ ಗಾಣಕ್ಕೂ ನಡುವೆ ತಿರುಗುವ ಷಾಫ್ಟು ಇನ್ನು ಇದೇ ಅಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

"ಗಟ್ಟಿ ಸರಳೇ ಮೊನ್ನೆ ಮುರಿದುಬಿತ್ತು. ನೀನು ಪೊಳ್ಳು ತಂದಿದ್ದೀಯಲ್ಲೋ."

"ತೂಗಿ ನೋಡಕ್ಕ," ಎಂದ.

ಬೆಲ್ಲದ ತಕ್ಕಡಿಗೆ ಹಾಕಿದೆ. ಹಗ್ಗದಂತೆ ಹೊಸೆದುಕೊಂಡು ಮುರಿದಿದ್ದ ಹಳೆಯ ಸರಳಿಗೂ ಇದಕ್ಕೂ ತೂಕ ಒಂದೇ.

ಮೊದಲ ಚೊಂಬು ಕಬ್ಬಿನಹಾಲು ಊರ ಹಿರಿಯರಿಗೆ ಕೊಡುವುದು ನಮ್ಮ ರೂಢಿ. ಅದಕ್ಕೇ ಬಂದು ಕೂತಿದ್ದ ದೊಡ್ಡಬೀರಪ್ಪ, "ಒಳಕ್ಕೆ ಮರದ ಗೂಟ ಬಡಿಯವ್ವ, ಗಟ್ಟಿಯಾಯ್ತದೆ," ಎಂದ. ನಾನು ಕೊಡತಿ ಎತ್ತಿಯೇಬಿಟ್ಟೆ. ಕೊಂಡಪ್ಪ ಕೈ ಹಿಡಿದ.

"ತಿರುಚಿದಾಗ ದುಡಿಯೋದು ಹೊರಗಿನ ಕಬ್ಬಿಣ ಅಕ್ಕ. ನಡುವಿನದು ಸುಮ್ನೆ ತೂಕಕ್ಕೆ ಕೂತಿರ್ತದೆ. ಇದ್ರಲ್ಲಿ ಕೂತು ತಿನ್ನೋರೇ ಇಲ್ಲ. ಏಟು ಬಿದ್ರೆ ಒಸಿ ತಿರುಚ್ಕೊಂಡು ಆ ಏಟನ್ನ ಒಳಗಿಟ್ಕೊಳ್ತದೆ, ಆಮೇಲೆ ವಾಪಸ್ ಕೊಡ್ತದೆ. ಅಷ್ಟೇ ತೂಕದ ಗಟ್ಟಿ ಸರಳಿಗಿಂತ ಹತ್ರತ್ರ ಎರಡರಷ್ಟು ಏಟು ನುಂಗ್ತದೆ."

ಷಾಫ್ಟು ಕೂರಿಸಿ, ಅದರ ಉದ್ದಕ್ಕೂ ಸುಣ್ಣದಲ್ಲಿ ಒಂದು ಗೆರೆ ಎಳೆದ. "ಈ ಗೆರೆ ಸೊಟ್ಟಗಾಗಿ ಹಂಗೇ ಉಳಿದ್ರೆ ನನ್ನ ಮಾತು ಸುಳ್ಳು."

ಇಂಜಿನ್ನು ಹೊತ್ತಿತು. ಗಾಣ ತಿರುಗಿ, ಹಾಲು ಕೊಪ್ಪರಿಗೆಗೆ ಧೋ ಎಂದು ಸುರಿಯತೊಡಗಿತು. ಖುಷಿಗೆ ನಾನೇ ಕಬ್ಬಿನ ಕಟ್ಟು ಕಟ್ಟು ತುರುಕಿದೆ. ಒಂದು ಕಟ್ಟಿನೊಳಗೆ ಯಾರೋ ಮರೆತಿದ್ದ ಕುಡುಗೋಲಿತ್ತು. ಕಟಕಟ ಎಂದು ಗಾಣ ಕಚ್ಚಿಕೊಂಡಿತು. ಇಂಜಿನ್ನು ನರಳಿ ನಿಂತುಹೋಯಿತು. ನಾನು ಷಾಫ್ಟಿನ ಹತ್ತಿರ ಓಡಿದೆ.

ಬಿಳಿ ಗೆರೆ ಓರೆಯಾಗಿತ್ತು.

ಕೊಂಡಪ್ಪ ಗಾಣದ ತಿರುಪು ಸಡಿಲಿಸಿದ. ಷಾಫ್ಟು ಜಗ್ಗನೆ ಹಿಂದಕ್ಕೆ ತಿರುಗಿತು. ಗೆರೆ ಮತ್ತೆ ನೂಲು ಹಿಡಿದ ಹಾಗೆ ನೆಟ್ಟಗೆ ನಿಂತಿತು. ನಾನು ಕುಣಿದೇಬಿಟ್ಟೆ, ಈ ವಯಸ್ಸಿನಲ್ಲಿ.

ಚೊಂಬು ತುಂಬಿ ದೊಡ್ಡಬೀರಪ್ಪನಿಗೆ ಕೊಟ್ಟೆ. ಅವನು ಕುಡಿಯಲಿಲ್ಲ. ಗೆರೆಯ ಮೇಲೆ ತುದಿಯಿಂದ ತುದಿಗೆ ಬೆರಳಾಡಿಸಿ, ಚೊಂಬನ್ನು ಕೊಂಡಪ್ಪನ ಮುಂದೆ ಹಿಡಿದ. "ಮೊದ್ಲು ನೀನು ಕುಡಿಯಪ್ಪಾ."

ತಮ್ಮ ಚೊಂಬು ಇಸಿದುಕೊಂಡು, ಕುಡಿಯುವ ಮೊದಲು ಮತ್ತೆರಡು ಸಲ ಬಗ್ಗಿ ಗೆರೆ ನೋಡಿಕೊಂಡ.

"ಅಷ್ಟು ಗಟ್ಟಿಯಾಗಿ ಹೇಳ್ದೋನು, ನಿಂಗೂ ಭಯ ಇತ್ತೇನೋ?"

"ಲೆಕ್ಕ ನಂದು. ಕಬ್ಬು ನಿಂದಲ್ವಾ ಅಕ್ಕ," ಎಂದ.