ಎಡಚಿ ಇಟ್ಟ ಹದಿನಾಲ್ಕು ಮರಿಗಳು

ನನ್ನ ನಾಲಿಗೆ ಉದ್ದ. ಅಮ್ಮ ಹೀಗೆ ಅಂದಾಗಲೆಲ್ಲ ಜಗಳಕ್ಕೆ ನಿಲ್ಲುತ್ತೇನೆ. ಈಗ ಬರೆಯಲು ಹೊರಟಿರುವುದು ಅದೇ ನಾಲಿಗೆ ಮಾಡಿದ ಕೆಲಸದ ಕಥೆಯಾದ್ದರಿಂದ ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ.

ನಾನು ಇಲಿಯ ಭ್ರೂಣಗಳ ಮೇಲೆ ಸಂಶೋಧನೆ ಮಾಡುವವಳು. ಗರ್ಭ ಕಟ್ಟಿ ಎಂಟು ದಿನವಾಗಿರುತ್ತದೆ, ಗಾತ್ರ ಎಳ್ಳಿನ ಕಾಳಿಗಿಂತ ಚಿಕ್ಕದು. ನಮ್ಮ ಲ್ಯಾಬಿನಲ್ಲಿ ಅದಕ್ಕೆ ಭ್ರೂಣ ಅನ್ನುವಷ್ಟು ಪುರುಸೊತ್ತು ಯಾರಿಗೂ ಇಲ್ಲ, ಮರಿ ಅಂದುಬಿಡುತ್ತೇವೆ. ಅಲ್ಲಿಯವರೆಗೆ ಮರಿಯ ಎರಡೂ ಬದಿ ಒಂದೇ ಥರ. ಎಂಟನೆಯ ದಿನ ಅದರ ನಡುವಿನ ಪುಟ್ಟ ಗುಳಿಯೊಂದರಲ್ಲಿ ಸೂಕ್ಷ್ಮ ರೋಮಗಳು ಗಿರಗಿರನೆ ಸುತ್ತಿ ದ್ರವವನ್ನು ಎಡಕ್ಕೆ ತಳ್ಳುತ್ತವೆ. ಆಗ ಎಡಬದಿಯಲ್ಲಿ ಒಂದು ಜೀನ್ ಎಚ್ಚರವಾಗಿ, ಇದು ಎಡ ಎಂದು ಅಕ್ಕಪಕ್ಕದ ಜೀವಕೋಶಗಳಿಗೆಲ್ಲ ಸಂಕೇತ ಕಳಿಸುತ್ತದೆ. ಹೃದಯ ಎತ್ತ ತಿರುಗಬೇಕು, ಜಠರ ಎಲ್ಲಿ ಕೂರಬೇಕು ಅನ್ನುವುದೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ. ಜೀನ್ ಎಚ್ಚರಗೊಂಡ ಜಾಗ ನೇರಳೆಯಾಗುವಂತೆ ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕ್ಯಾಮೆರಾದಲ್ಲಿ ಫೋಟೊ ತೆಗೆದು, ಅದರಿಂದ ಅರ್ಥ ಹೊರಡಿಸುವುದು ನನ್ನ ಕಸುಬು.

ಫೋಟೊ ಮತ್ತು ಅರ್ಥ ಮಾತ್ರ ನನ್ನದು. ಉಳಿದದ್ದೆಲ್ಲ ಅಕ್ಕನ ಕೆಲಸ. ಗರ್ಭದಿಂದ ಮರಿಯನ್ನು ತೆಗೆದು, ಅದನ್ನು ಸುತ್ತಿಕೊಂಡ ಪೊರೆಯನ್ನು ಎರಡು ಚಿಮುಟಗಳಿಂದ ಮರಿ ಹರಿಯದಂತೆ ಬಿಡಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಬೆನ್ನು ಮೇಲಾಗಿ ಮಲಗಿಸುವುದನ್ನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದಳು. ಎಡಗೈಯವಳು. ಬೆನ್ನ ಹಿಂದೆ ಎಲ್ಲರೂ ಎಡಚಿ ಅನ್ನುತ್ತಿದ್ದೆವು, ಎದುರಿಗೆ ಅಕ್ಕ. ಚಿಕ್ಕವಳಿದ್ದಾಗ ಎಡಗೈ ಬಿಡಿಸಲು ಮೇಷ್ಟ್ರು ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರಂತೆ. ಅವರ ಬೆತ್ತ ಮುರಿಯಿತೇ ಹೊರತು ನನ್ನ ಕೈ ಬದಲಾಗಲಿಲ್ಲ ಎಂದು ಅವಳೇ ನಗುತ್ತ ಹೇಳಿದ್ದಳು.

ಹದಿನಾರು ವರ್ಷದ ಹಿಂದೆ ನಾನು ವಿದ್ಯಾರ್ಥಿನಿಯಾಗಿ ಬಂದಾಗ ನನಗೆ ಮರಿಯ ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ತೋರಿಸಿದವಳು ಅವಳೇ.

"ಬೆನ್ನು ಮೇಲೆ, ಹೊಟ್ಟೆ ಕೆಳಗೆ. ಇದೊಂದು ತಪ್ಪಿದ್ರೆ ಅದರ ಎಡ ನಿನಗೆ ಬಲ ಆಗಿ ಕಾಣುತ್ತೆ. ಆಮೇಲೆ ನೀನು ಎಷ್ಟು ಓದಿದ್ರೂ ಅಷ್ಟೇ."

ಮುಂದೆ ನಾನು ಡಾಕ್ಟರೇಟ್ ಪಡೆದೆ, ಅವಳ ಹಾಜರಿಗೆ ಸಹಿ ಹಾಕುವವಳೂ ಆದೆ. ಆಗಲೂ ಅವಳು ನನ್ನನ್ನು ನೀನು ಎಂದೇ ಕರೆಯುತ್ತಿದ್ದಳು. ಅದು ನನಗೆ ಇಷ್ಟವಿತ್ತು.

ಹೋದ ವರ್ಷ ನಮಗೊಂದು ದೊಡ್ಡ ಸಂಗತಿ ಸಿಕ್ಕಿತು. ಒಂದು ಜೀನನ್ನು ತೆಗೆದುಹಾಕಿದ ಹದಿನಾಲ್ಕು ಮರಿಗಳಲ್ಲಿ ನೇರಳೆ ಬಣ್ಣ ಎಡಕ್ಕೆ ಬರುವ ಬದಲು ಬಲಕ್ಕೆ ಬಂದಿತ್ತು. ಹದಿನಾಲ್ಕಕ್ಕೆ ಹದಿನಾಲ್ಕೂ! ಪಕ್ಕದಲ್ಲಿಟ್ಟು ಹೋಲಿಸಲು ಮಾಮೂಲಿ ಮರಿಗಳ ಫೋಟೊ ಬೇಕಲ್ಲ, ಹಳೆಯ ಕ್ಯಾಮೆರಾದಲ್ಲಿ ತೆಗೆದದ್ದು ನನ್ನ ಬಳಿ ಇತ್ತು. ಹೊಸದಾಗಿ ಮತ್ತೆ ಯಾರು ತೆಗೆಯುತ್ತಾರೆ ಎಂದು ಅದನ್ನೇ ಅಂಟಿಸಿದೆ. ಲ್ಯಾಬಿನ ಮುಖ್ಯಸ್ಥರು, ನಾವೆಲ್ಲ ದೊಡ್ಡವರು ಅನ್ನುವವರು, ನನ್ನ ಬೆನ್ನು ತಟ್ಟಿದರು. ದೊಡ್ಡ ಸಭೆಯೊಂದರಲ್ಲಿ ನಾನು ಅದನ್ನು ಹೇಳಿಕೊಂಡು ಮೆರೆದೂ ಬಂದೆ.

ಆರು ತಿಂಗಳಿಗೆ ಬೇರೊಂದು ಲ್ಯಾಬಿನಿಂದ ಪತ್ರ ಬಂತು. ಅದೇ ಜೀನನ್ನು ತೆಗೆದರೂ ತಮ್ಮ ಮರಿಗಳಲ್ಲಿ ಬಣ್ಣ ಎಡಕ್ಕೇ ಬರುತ್ತಿದೆಯಲ್ಲ ಎಂದು ವಿನಯವಾಗಿ ಕೇಳಿದ್ದರು. ಸೋಮವಾರದ ಮೀಟಿಂಗಿನಲ್ಲಿ ದೊಡ್ಡವರು ಆ ಪತ್ರವನ್ನು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದರು. ಹತ್ತು ಜನ ಇದ್ದೆವು. ಅಕ್ಕ ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದಳು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು. ಅದರ ಬದಲು ನನ್ನ ನಾಲಿಗೆ ಹೊರಳಿತು.

"ಎಡಚಿ ಇಟ್ಟ ಮರಿಗಳಲ್ವಾ ಸಾರ್. ಅವಳ ಎಡ ಅಂದ್ರೆ ಲೋಕದ ಬಲ. ಹೊಟ್ಟೆ ಮೇಲಾಗಿ ಇಟ್ಟಿರ್ತಾಳೆ."

ಎಲ್ಲರೂ ನಕ್ಕರು. ದೊಡ್ಡವರೂ ನಕ್ಕರು, ಅವರಿಗೂ ಒಂದು ಕಾರಣ ಬೇಕಿತ್ತು. ಬಣ್ಣ ಹಾಕಿ ಗಾಜಿನ ಕೆಳಗೆ ಅದುಮಿದ ಮರಿಯ ಬೆನ್ನು ಹೊಟ್ಟೆ ಫೋಟೊದಲ್ಲಿ ಅಷ್ಟು ಸುಲಭವಾಗಿ ತಿಳಿಯುವುದಿಲ್ಲ, ಆದ್ದರಿಂದ ಮಾತು ನಂಬುವ ಹಾಗೂ ಇತ್ತು. ಅಕ್ಕ ಮೇಜಿನ ಮೇಲಿದ್ದ ಎಡಗೈಯನ್ನು ಮೆಲ್ಲಗೆ ಮಡಿಲಿಗೆ ತೆಗೆದುಕೊಂಡಳು. ಅದನ್ನು ನಾನು ನೋಡಿದೆ, ನೋಡಿಯೂ ಮುಂದಿನ ವಿಷಯಕ್ಕೆ ಹೋದೆ.

ಮರುದಿನದಿಂದ ಅವಳನ್ನು ಬಾಟಲಿ, ಗಾಜಿನ ತಟ್ಟೆ ತೊಳೆಯುವ ಕೋಣೆಗೆ ಹಾಕಿದರು. ಎದುರಾದಾಗ ನಮಸ್ಕಾರ ಮೇಡಂ, ಚೆನ್ನಾಗಿದ್ದೀರಾ ಎಂದಳು. ಹದಿನಾರು ವರ್ಷದ ನೀನು ಒಂದೇ ದಿನದಲ್ಲಿ ನೀವು ಆಯಿತು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಮರ್ಯಾದೆ ಕೊಡುವವರ ಹತ್ತಿರ ಜಗಳ ಆಡುವುದು ಹೇಗೆ?

ಅವಳ ಕೆಲಸ ನನ್ನ ತಲೆಗೆ ಬಂತು. ಮೂರು ಮರಿ ಬಿಡಿಸಿದರೆ ಎರಡನ್ನು ಹರಿಯುತ್ತಿದ್ದೆ, ಉಳಿದದ್ದೂ ಫೋಟೊಗೆ ಬರುವಂತಿರುತ್ತಿರಲಿಲ್ಲ. ಚಿಮುಟ ಸರಿಯಿಲ್ಲ, ದೀಪ ಸರಿಯಿಲ್ಲ, ಕುರ್ಚಿ ಎತ್ತರ ಎಂದು ಗೊಣಗಿಕೊಂಡು ನಾಲ್ಕು ತಿಂಗಳು ದೂಡಿದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಕ್ಯಾಮೆರಾದ ಅಳತೆ ಸರಿಯಿದೆಯೇ ಎಂದು ವರ್ಷಕ್ಕೊಮ್ಮೆ ನೋಡಬೇಕು. ಅದಕ್ಕೆಂದು ಸಣ್ಣ ಗೆರೆಗಳನ್ನೂ ಅಂಕಿಗಳನ್ನೂ ಕೊರೆದ ಗಾಜಿನ ಪಟ್ಟಿಯೊಂದಿದೆ. ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕಂಪ್ಯೂಟರ್ ಪರದೆಯ ಮೇಲೆ ಅಂಕಿಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬಂದವು. ಪಟ್ಟಿಯನ್ನೇ ಮಗುಚಿ ಇಟ್ಟಿರಬೇಕೆಂದು ಕಣ್ಣಿಟ್ಟು ನೇರವಾಗಿ ಮಸೂರದಲ್ಲಿ ನೋಡಿದೆ. ಅಲ್ಲಿ ಸರಿಯಾಗಿಯೇ ಇದ್ದವು. ಕ್ಯಾಮೆರಾದ ಸೆಟ್ಟಿಂಗ್ ತೆರೆದೆ. 'ಕನ್ನಡಿಯಂತೆ ತಿರುಗಿಸು' ಎಂಬುದರ ಮುಂದೆ ಒಂದು ಟಿಕ್ ಇತ್ತು.

ಹಾಕಿದ್ದು ನಾನೇ. ಹೊಸ ಕ್ಯಾಮೆರಾ ಬಂದ ದಿನ, ಗಾಜನ್ನು ಬಲಕ್ಕೆ ಸರಿಸಿದರೆ ಪರದೆಯಲ್ಲಿ ಚಿತ್ರ ಎಡಕ್ಕೆ ಓಡುತ್ತಿತ್ತು. ಕಿರಿಕಿರಿಯಾಗಿ ಎರಡು ನಿಮಿಷ ಹುಡುಕಿ ಈ ಟಿಕ್ ಹಾಕಿ, ಎಷ್ಟು ಜಾಣೆ ನಾನು ಅಂದುಕೊಂಡಿದ್ದೆ. ಮಾಮೂಲಿ ಮರಿಗಳ ಫೋಟೊ ಅದಕ್ಕೂ ಮೊದಲಿನದು, ಹದಿನಾಲ್ಕು ಮರಿಗಳದ್ದು ಆಮೇಲಿನದು. ಆ ಹದಿನಾಲ್ಕು ಗಾಜುಗಳನ್ನು ಪೆಟ್ಟಿಗೆಯಿಂದ ತೆಗೆದು ಒಂದೊಂದನ್ನೂ ಮಸೂರದಲ್ಲಿ, ಹೊಟ್ಟೆಯ ಬದಿಯ ಆ ಗುಳಿ ಮೇಲಿದೆಯೋ ಕೆಳಗಿದೆಯೋ ಎಂದು ಫೋಕಸ್ಸಿನ ಆಳ ಬದಲಿಸಿ ಬದಲಿಸಿ ನೋಡಿದೆ. ಹದಿನಾಲ್ಕರದೂ ಬೆನ್ನು ಮೇಲಿತ್ತು. ಹದಿನಾಲ್ಕರ ಬಣ್ಣವೂ ಎಡಕ್ಕೇ ಇತ್ತು.

ಆಮೇಲೆ ಮಾಡಿದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಸದ್ದಿಲ್ಲದೆ ಆ ಟಿಕ್ ತೆಗೆದೆ. ಗಾಜುಗಳನ್ನು ಪೆಟ್ಟಿಗೆಗೆ ಹಾಕಿ ಮನೆಗೆ ಹೋದೆ. ಮರುದಿನವೂ ಬಾಯಿ ಬಿಡಲಿಲ್ಲ.

ಅವತ್ತು ರಾತ್ರಿ ಊಟದ ಹೊತ್ತಿಗೆ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತದ್ದನ್ನು ನೋಡಿ ಅಮ್ಮ ಏನಾಯಿತೆಂದು ಕೇಳಿದಳು. ಬೇರೆ ಲ್ಯಾಬಿನ ಯಾರೋ ಒಬ್ಬಳು ಹೀಗೆ ಮಾಡಿದ್ದಾಳಂತೆ ಎಂದು ಪೂರ್ತಿ ಕಥೆ ಹೇಳಿದೆ. ಅಮ್ಮ ಕೊನೆಯವರೆಗೂ ಕೇಳಿದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ಲಾ," ಅಂದಳು. "ಆ ಯಾರೋ ಒಬ್ಬಳಿಗೆ ಹೇಳು, ಊಟ ಬಿಟ್ರೆ ಪಾಪ ಹೋಗಲ್ಲ, ಹೋಗಿ ಹೇಳ್ಕೋ ಅಂತ."

ಮರುದಿನ ಬೆಳಿಗ್ಗೆ ತೊಳೆಯುವ ಕೋಣೆಗೆ ಹೋದೆ. ಅಕ್ಕ ನಲ್ಲಿಯ ಕೆಳಗೆ ಬಾಟಲಿ ಹಿಡಿದಿದ್ದಳು. ಎಲ್ಲವನ್ನೂ ಹೇಳಿದೆ, ಟಿಕ್ ತೆಗೆದು ಸುಮ್ಮನಿದ್ದದ್ದನ್ನೂ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಾಗದೆ ಬಾಟಲಿಯನ್ನೇ ನೋಡುತ್ತಿದ್ದೆ. ಅವಳು ನಲ್ಲಿ ನಿಲ್ಲಿಸಿ ಸ್ಟೂಲಿನ ಮೇಲೆ ಕೂತಳು.

"ಹದಿನಾಲ್ಕೂ ಸರಿ ಇತ್ತಾ?"

"ಹದಿನಾಲ್ಕೂ ಸರಿ ಇತ್ತು ಅಕ್ಕ."

"ಒಂದೊಂದನ್ನೂ ಇಟ್ಟದ್ದು ನನಗೆ ನೆನಪಿದೆ. ಆದ್ರೂ ನೀವು ಹೇಳಿದ್ಮೇಲೆ ನಾನೇ ತಪ್ಪಿರ್ಬೇಕು ಅಂದ್ಕೊಂಡೆ. ನೀವು ಓದಿದವರು."

ಅವಳಿಗೆ ಕೋಪ ಬಂದಿರುತ್ತದೆ, ಸತ್ಯ ಗೊತ್ತಿದ್ದೂ ನುಂಗಿಕೊಂಡಿರುತ್ತಾಳೆ ಎಂದೇ ಈ ನಾಲ್ಕು ತಿಂಗಳೂ ತಿಳಿದಿದ್ದೆ. ನನ್ನ ಮಾತನ್ನು ಅವಳು ನಂಬಿದ್ದಳು. ಕ್ಷಮಿಸು ಅಕ್ಕ ಅಂದೆ, ಮತ್ತೆ ಮತ್ತೆ ಅಂದೆ. ಅವಳು ಎದ್ದು ಇನ್ನೊಂದು ಬಾಟಲಿ ತೆಗೆದುಕೊಂಡಳು.

"ಹತ್ತು ಜನರ ಮುಂದೆ ಆಡಿದ ಮಾತನ್ನ ನಲ್ಲಿ ಮುಂದೆ ವಾಪಸ್ ತಗೊಂಡ್ರೆ ಹೇಗೆ ಮೇಡಂ?"

ಸೋಮವಾರ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಗಾಜಿನ ಪಟ್ಟಿಯ ಫೋಟೊವನ್ನು ಟಿಕ್ ಇದ್ದಂತೆ, ಇಲ್ಲದಂತೆ ಎರಡೂ ತೋರಿಸಿದೆ. ನಮ್ಮ ದೊಡ್ಡ ಸಂಗತಿ ಸುಳ್ಳು, ತಪ್ಪು ನನ್ನದು, ಅಕ್ಕನ ಮೇಲೆ ಹಾಕಿದ್ದೂ ನಾನೇ ಅಂದೆ. ಈ ಸಲ ಯಾರೂ ನಗಲಿಲ್ಲ. ದೊಡ್ಡವರು ಕನ್ನಡಕ ತೆಗೆದು ಒರೆಸುತ್ತ, ಆ ಲ್ಯಾಬಿನವರಿಗೆ ಇವತ್ತೇ ಬರೆಯಬೇಕು ಅಂದರು. ಆಮೇಲೆ ಅಕ್ಕನ ಕಡೆ ತಿರುಗಿ ನಾಳೆಯಿಂದ ಮೇಜಿಗೆ ಬನ್ನಿ ಎಂದರು. ಅವಳು ತಲೆಯಾಡಿಸಿದಳು. ನನಗೆ ದೊಡ್ಡ ಭಾರ ಇಳಿದಂತಾಯಿತು. ಹೇಳಿದ್ದಾಯಿತಲ್ಲ, ಇನ್ನು ಎಲ್ಲ ಸರಿಹೋಗುತ್ತದೆ ಅಂದುಕೊಂಡೆ.

ಮರುದಿನ ಅಕ್ಕ ಬಂದು ತನ್ನ ಹಳೆಯ ಜಾಗದಲ್ಲಿ ಕೂತಳು. ಹನ್ನೆರಡು ಮರಿಗಳಿದ್ದವು. ಪೊರೆ ಬಿಡಿಸುವ ಚಿಮುಟವನ್ನು ಬಲಗೈಗೆ ತೆಗೆದುಕೊಂಡಳು. ನಾಲ್ಕು ತಿಂಗಳಿಂದ ಮನೆಯಲ್ಲಿ ತಟ್ಟೆಗೆ ನೀರು ಹಾಕಿ, ಅದರೊಳಗಿನ ಸಾಸಿವೆ ಕಾಳುಗಳನ್ನು ಬಲಗೈಯಲ್ಲಿ ಹೆಕ್ಕಿ ಹೆಕ್ಕಿ ಅಭ್ಯಾಸ ಮಾಡಿದ್ದಾಳಂತೆ, ಎಂದಾದರೂ ಮತ್ತೆ ಕರೆದರೆ ಇರಲಿ ಎಂದು. ಮೇಷ್ಟ್ರ ಬೆತ್ತದಿಂದ ಆಗದ್ದನ್ನು ನನ್ನ ಒಂದು ತಮಾಷೆ ಮಾಡಿತ್ತು. ಮೊದಲ ಮರಿ ನಡುವಿಗೇ ಹರಿಯಿತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯಲ್ಲಿ ಹಾಗೆ ಹರಿದದ್ದನ್ನು ಯಾರೂ ನೋಡಿದ್ದಿಲ್ಲ.

"ಎಡಗೈಲೇ ಮಾಡು ಅಕ್ಕ," ಅಂದೆ.

ಅವಳು ಚಿಮುಟವನ್ನು ಎಡಗೈಗೆ ತೆಗೆದುಕೊಂಡಳು. ಎರಡನೆಯ ಮರಿಯ ಪೊರೆ ಎಂದಿನಂತೆ ಸಲೀಸಾಗಿ ಬಿಟ್ಟಿತು. ಬಣ್ಣಕ್ಕೆ ಹಾಕುವ ಮೊದಲು ತಟ್ಟೆಯಲ್ಲಿ ಮಲಗಿಸಿ ನೋಡಿದಳು. ನೋಡಿದವಳು ಕೈ ತೆಗೆದು, ಕುರ್ಚಿಯನ್ನು ಹಿಂದಕ್ಕೆ ಸರಿಸಿ, ನನಗೆ ಜಾಗ ಬಿಟ್ಟಳು.

"ಒಂದ್ಸಲ ನೀವು ನೋಡಿ ಹೇಳಿ ಮೇಡಂ. ಬೆನ್ನು ಮೇಲಿದೆಯಾ?"

ಬಗ್ಗಿ ನೋಡಿದೆ. ಬೆನ್ನು ಮೇಲಿತ್ತು. ಹೌದು ಅಕ್ಕ ಅಂದೆ.

ಮೂರನೆಯದಕ್ಕೂ ಕೇಳಿದಳು. ನಾಲ್ಕನೆಯದಕ್ಕೂ ಕೇಳಿದಳು. ಮಿಕ್ಕ ಹನ್ನೊಂದು ಮರಿಗಳಿಗೆ ಹನ್ನೊಂದು ಸಲ ಕೇಳಿದಳು, ಹನ್ನೊಂದು ಸಲವೂ ಅವಳು ಇಟ್ಟದ್ದು ಸರಿಯಿತ್ತು.